ಸಾಕ್ಷಿ ಬಾಟಲಿ

"ಚಾ ಕುಡೀತ್ರಾ?"

"ಕೊಟ್ರೆ ಬ್ಯಾಡ ಹೇಳೂದಿಲ್ಲ, ಮೇಡಂ."

ಬರೆಯುತ್ತಿದ್ದ ವೈಜಯಂತಿ ತಲೆ ಎತ್ತಿದಳು. "ಕೊಡ್ತೆ ಹೇಳಿ ನಾ ಹೇಳ್ಲಿಲ್ಲ. ಇದು ಫಾರ್ಮಿನಲ್ಲಿರೂ ಪ್ರಶ್ನೆ. ದಿನಕ್ಕೆ ಎಷ್ಟು ಚಾ, ಬೀಡಿ ಸಿಗರೇಟು ಅದ್ಯಾ, ಸೊಳ್ಳೆಗೆ ಮುಲಾಮು ಹಚ್ಕೊಳ್ತ್ರಾ, ತಲೆಗೆ ಯಾವ ಎಣ್ಣೆ..."

"ಹೆಣ್ಣು ಕೊಡುಕೆ ಬಂದವ್ರೂ ಇಷ್ಟೆಲ್ಲ ಕೇಳೂದಿಲ್ಲ," ಎಂದು ಅವನು ನಕ್ಕ. ನಗುವಾಗ ಎಡಗಣ್ಣು ಬಲಗಣ್ಣಿಗಿಂತ ಒಂದು ಚೂರು ಮೊದಲೇ ಮುಚ್ಚುತ್ತಿತ್ತು. ಫಾರ್ಮಿನಲ್ಲಿ ಅದನ್ನು ಬರೆದುಕೊಳ್ಳಲು ಜಾಗವಿರಲಿಲ್ಲ. ಆದರೂ ಅವಳು ಗಮನಿಸಿದಳು.

ಎರಡು ಸಾವಿರದ ಏಳನೆಯ ಇಸವಿಯ ನವೆಂಬರ್. ಕಾರವಾರದ ಕೋಡಿಬಾಗದಲ್ಲಿ, ಕಾಳಿ ಹೊಳೆ ಸಮುದ್ರ ಸೇರುವ ಕಡೆ, ದಂಡೆಗೆ ಎಳೆದಿಟ್ಟ ಪಾತಿ ದೋಣಿಯ ಅಂಚಿನಲ್ಲಿ ಕೂತು ನಡೆದ ಸಂದರ್ಶನ ಅದು. ಅವನ ಹೆಸರು ಹರಿಶ್ಚಂದ್ರ. ಹರಿಕಂತ್ರರ ಮನೆಯ ಹುಡುಗ, ಮೂವತ್ತಕ್ಕೆ ಒಂದು ವರ್ಷ ಕಡಿಮೆ. ಅಜ್ಜ, ಅಪ್ಪ, ಮಾವಂದಿರು ಎಲ್ಲ ಮೀನು ಹಿಡಿದವರು. ಇವನೊಬ್ಬ ನಾಲ್ಕು ವರ್ಷದ ಹಿಂದೆ ಬಲೆ ಬಿಟ್ಟು ದಂಡೆಗೆ ಬಂದಿದ್ದ. ಸಮುದ್ರಕ್ಕೆ ಹೋದರೆ ವಾಂತಿಯಂತೆ! ಭಟ್ಟರ ಮಗನಿಗೆ ಗಂಟೆಯ ಸದ್ದು ಆಗಿಬರುವುದಿಲ್ಲ ಎಂದ ಹಾಗಾಯಿತು. ಕೇರಿಯವರು ನಗದೆ ಬಿಟ್ಟಾರೆಯೇ? ಮೀನು ಬಿಟ್ಟು ನೀರು ಹಿಡಿಯುವವ ಎಂದು ಈಗ ಹೊಸ ಹೆಸರೂ ಬಂತು.

ನೀರು ಹಿಡಿಯುವುದೇ ವೈಜಯಂತಿಯ ಕೆಲಸ. ನಾವು ನುಂಗಿದ ಮಾತ್ರೆ ಹೊಟ್ಟೆಯಲ್ಲೇ ಮುಗಿಯುವುದಿಲ್ಲ. ಮೈಯಿಂದ ಬಚ್ಚಲಿಗೆ, ಬಚ್ಚಲಿಂದ ಹೊಂಡಕ್ಕೆ, ಹೊಂಡದಿಂದ ಬಾವಿಗೂ ಹೊಳೆಗೂ ಇಳಿಯುತ್ತದೆ. ಮರಳಲ್ಲಿ ಸೋಸಿ, ಕ್ಲೋರಿನ್ ಹಾಕಿದರೂ ಕೆಲವು ಮದ್ದುಗಳು ಜಗ್ಗುವುದಿಲ್ಲ. ಇಂಥ ಹೊಸ ಬಗೆಯ ಮಾಲಿನ್ಯವನ್ನು ಹುಡುಕಿ ಅಳೆಯುವುದು, ತೆಂಗಿನ ಗೆರಟೆಯ ಇದ್ದಿಲು ತುಂಬಿದ ಡ್ರಮ್ಮಿನಲ್ಲಿ ಅದನ್ನು ತಡೆಯಲಾಗುತ್ತದೆಯೇ ಎಂದು ನೋಡುವುದು ಅವಳ ಸಂಶೋಧನೆ. ಗೋವೆಯ ಒಂದು ಸಂಸ್ಥೆಯಲ್ಲಿ ಕೆಲಸ, ಅಂಕೋಲೆ ಬೊಬ್ರುವಾಡದಲ್ಲಿ ತಾಯಿಮನೆ. ಡ್ರಮ್ಮು ಕೂತಿದ್ದು ಶೆಟಗೇರಿಯ ಒಂದು ಬಾವಿಕಟ್ಟೆಯ ಪಕ್ಕ. ಮಾರ್ಚ್ ಕೊನೆಗೆ ವರದಿ ಕೊಡಬೇಕು. ಡ್ರಮ್ಮು ಗೆದ್ದರೆ ತಾಲೂಕಿನ ಶಾಲೆಗಳಿಗೆ ಹೋಗುತ್ತದೆ, ಸೋತರೆ ಗುಜರಿಗೆ.

ಅಳೆಯುವುದು ಎಷ್ಟು ಸಣ್ಣದನ್ನು ಎಂದರೆ, ಒಂದು ಕೆರೆಗೆ ಒಂದು ಚಿಟಿಕೆ ಉಪ್ಪು ಬಿದ್ದರೂ ಅವಳ ಯಂತ್ರಕ್ಕೆ ಗೊತ್ತಾಗಬೇಕು. ಅದಕ್ಕೇ ನೀರು ತುಂಬುವವನ ಮೈಮೇಲೆ ಏನೂ ಇರಬಾರದು. ಅದಕ್ಕೇ ಆ ಫಾರ್ಮು.

"ಕಡೇ ಪ್ರಶ್ನೆ. ಗುಳಿಗೆ ಗಿಳಿಗೆ ಏನಾದ್ರೂ ತಗೊಳ್ತ್ರಾ?"

ಹರಿಶ್ಚಂದ್ರ ಹೊಳೆಯ ಕಡೆ ನೋಡಿದ. ಒಂದು ನೀರುಕಾಗೆ ಮುಳುಗಿತು. ಅದು ಬೇರೊಂದು ಕಡೆ ತಲೆ ಎತ್ತುವವರೆಗೂ ಅವನು ನೋಡುತ್ತಲೇ ಇದ್ದ.

"ಇಲ್ಲ," ಎಂದ.

"ಹೆಸರು ಹರಿಶ್ಚಂದ್ರ. ನಂಬ್ತೆ."

"ಹೆಸರಿಡೂ ಹೊತ್ತಿಗೆ ನನ್ನ ಯಾರೂ ಕೇಳ್ಲಿಲ್ಲ, ಮೇಡಂ."

ಅವಳು ನಕ್ಕು, ಆ ಸಾಲಿನ ಮುಂದೆ ಒಂದು ಅಡ್ಡಗೆರೆ ಎಳೆದಳು.

*

ತಿಂಗಳಿಗೆ ಎರಡು ಸಲ ಅವರು ದೋಣಿ ಇಳಿಸುತ್ತಿದ್ದರು. ಅವಳಿಗೆ ಗೋವೆಯಿಂದ ಬರಲಾಗದ ದಿನ ಅವನೊಬ್ಬನೇ ಹೋಗುತ್ತಿದ್ದ. ಕಾಳಿಯ ಮೇಲೆ ಬೆಳಗಿನ ಮಂಜು ಇನ್ನೂ ಕರಗಿರುತ್ತಿರಲಿಲ್ಲ. ಸೇತುವೆಯ ಕಂಬಗಳು ನೀರಿನಿಂದ ಹೊರಟು ಮಂಜಿನೊಳಗೆ ಮುಗಿದುಹೋಗುತ್ತಿದ್ದವು. ಮೇಲೆ ಲಾರಿ ಓಡುವ ಸದ್ದು ಕೇಳುತ್ತಿತ್ತು, ಲಾರಿ ಕಾಣುತ್ತಿರಲಿಲ್ಲ. ಅಂಥ ಮಂಜಿನಲ್ಲಿ ಅವನು ದೋಣಿ ನೂಕುವ ಜಲ್ಲೆ ಊರುತ್ತಿದ್ದ, ಅವಳು ಮರದ ಪೆಟ್ಟಿಗೆಯಿಂದ ಕಂದು ಗಾಜಿನ ಬಾಟಲಿ ತೆಗೆದುಕೊಡುತ್ತಿದ್ದಳು.

ಪ್ರತಿ ಸಲವೂ ಪೆಟ್ಟಿಗೆಯಲ್ಲಿ ಒಂದು ಬಾಟಲಿ ಬೇರೆ ಇರುತ್ತಿತ್ತು. ಲ್ಯಾಬಿನಲ್ಲೇ ಅತಿ ಶುದ್ಧ ನೀರು ತುಂಬಿ ತಂದದ್ದು. ಜಾಗಕ್ಕೆ ಬಂದಮೇಲೆ ಅದರ ಮುಚ್ಚಳ ತೆಗೆದು, ಐದು ನಿಮಿಷ ಗಾಳಿಗಿಟ್ಟು, ಮತ್ತೆ ಮುಚ್ಚಿ ವಾಪಸು ಒಯ್ಯುವುದು. ಅದರಲ್ಲಿ ಏನೂ ಇರಬಾರದು. ಇದ್ದರೆ ತಪ್ಪು ಹೊಳೆಯದ್ದಲ್ಲ, ನಮ್ಮದು ಎಂದು ಅರ್ಥ. ಹರಿಶ್ಚಂದ್ರ ಅದಕ್ಕೆ ಸಾಕ್ಷಿ ಬಾಟಲಿ ಎಂದು ಹೆಸರಿಟ್ಟಿದ್ದ. ಕೋರ್ಟಿನ ಹಾಗೆ, ಬಂದು ನಿಂತು ನೋಡಿ ಹೋಗುವುದಷ್ಟೇ ಅದರ ಕೆಲಸ.

ಹೊಳೆಯಲ್ಲಾಗಲಿ, ಶೆಟಗೇರಿಯ ಬಾವಿ, ಡ್ರಮ್ಮಿನ ಬಳಿಯಾಗಲಿ, ಅವನು ಬಾಟಲಿ ತೆರೆಯುವ ರೀತಿಯನ್ನು ಅವಳು ಕದ್ದು ನೋಡುತ್ತಿದ್ದಳು. ಸಾಕ್ಷಿ ಬಾಟಲಿಯೇ ಆದರೂ ಮುಚ್ಚಳ ತಿರುಗಿಸಿ, ಎಡಗೈ ಹೆಬ್ಬೆರಳನ್ನು ಬಾಟಲಿಯ ಬಾಯಿಯ ಸುತ್ತ ಮೆಲ್ಲಗೆ ಒಂದು ಸುತ್ತು ತರುತ್ತಿದ್ದ. ಮಲಗಿದ ಮಗುವಿನ ತುಟಿಯ ಮೇಲಿನ ಹಾಲು ಒರೆಸಿದ ಹಾಗೆ.

"ಅದು ಎಂತಕ್ಕೆ?" ಎಂದು ಒಮ್ಮೆ ಕೇಳಿದಳು.

"ಉಪ್ಪು. ನಮ್ಮ ದಂಡೆ ಮನೆಯಲ್ಲಿ ಕೊಡದ ಬಾಯಿಗೂ ಉಪ್ಪು ಕೂತಿರ್ತದೆ. ಸಿಹಿನೀರು ತುಂಬೂ ಮೊದ್ಲು ಹೆಬ್ಬೆಟ್ಟು ಒಂದ್ ಸುತ್ತು ತಿರುಗಿಸ್ಬೇಕು ಹೇಳಿ ಆಯಿ ಕಲಿಸದ್ದು. ಈಗ ಕೈ ತಾನೇ ಹೋಗ್ತದೆ."

"ಗ್ಲೌಸು?"

ಅವನು ಕೈ ಎತ್ತಿ ತೋರಿಸಿದ. ಗ್ಲೌಸು ಹಾಕಿಯೇ ಇತ್ತು. ಎಡ ಹೆಬ್ಬೆರಳಿನ ತುದಿ ಮಾತ್ರ ಕತ್ತರಿಸಿ ಬಿಟ್ಟಿದ್ದ. "ಗಂಟು ಬೆರಳಿಗೆ ಗೊತ್ತಾಗ್ಬೇಕಲ್ರಾ, ಇಲ್ಲದಿದ್ರೆ ಹಗ್ಗ ಜಾರಿ ನೀವೂ ನಾನೂ ಅರಬ್ಬೀ ಸಮುದ್ರಕ್ಕೆ."

ಆಗ ಅವಳು ಗದರಬೇಕಿತ್ತು. ಬೇರೆ ಯಾರಾಗಿದ್ದರೂ ಗದರುತ್ತಿದ್ದಳು. ನೀರು ತುಂಬುವ ದಿನ ಚಾ ಇಲ್ಲ, ಬೀಡಿ ಇಲ್ಲ, ಗುಳಿಗೆ ಇಲ್ಲ, ಬರೀ ಹೊಳೆನೀರಲ್ಲಿ ತೊಳೆದ ಬೆರಳು, ಅದರಿಂದೇನು ಎಂದು ಸುಮ್ಮನಾದಳು. ಮನಸ್ಸು ಒಬ್ಬರ ಕಡೆ ವಾಲಿದ ಮೇಲೆ ವಿಜ್ಞಾನಿಯ ಕಣ್ಣಿಗೂ ಪೊರೆ ಬರುತ್ತದೆ ನೋಡಿ.

ವಾಲಿದ್ದು ನಿಜ. ಅವಳಿಗೆ ಅವನು ಬೇಕಾಗಿದ್ದ. ಹೊಳೆಗೆ ಹೋಗದ ದಿನಗಳು ಬರೀ ಕ್ಯಾಲೆಂಡರಿನ ಚೌಕಗಳಾಗಿದ್ದವು. ಆದರೆ ತಾನೇ ಮೊದಲು ಹೇಳಿದರೆ ಮೇಡಂ ಹೇಳಿದ ಹಾಗಾಗುತ್ತದೆ, ಅವನು ಒಲ್ಲೆ ಎನ್ನಲಾರ. ಅವನೇ ಹೇಳಲಿ ಎಂದು ಕಾದಳು. ಅವನೂ ಎಷ್ಟೋ ಸಲ ಜಲ್ಲೆ ನಿಲ್ಲಿಸಿ, "ವೈಜಯಂತಿ ಮೇಡಂ, ಒಂದ್ ಮಾತು..." ಎಂದು ಬಾಯಿ ತೆರೆದಿದ್ದ. ಪ್ರತಿ ಸಲ ಆ ಮಾತು ಭರತ ಇಳಿತದ ಲೆಕ್ಕವಾಗಿ ಹೊರಬೀಳುತ್ತಿತ್ತು.

ಇನ್ನೊಂದು ವಿಚಿತ್ರವೂ ಇತ್ತು. ಡಿಸೆಂಬರಿನ ಒಂದು ಬೆಳಿಗ್ಗೆ ಅವಳು ಏನೋ ಕೇಳಿದಳು. ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಹರಿಶ್ಚಂದ್ರ ಕೂತಲ್ಲೇ ಕಲ್ಲಾಗಿದ್ದ. ಬಾಯಿ ಮಾತ್ರ ಏನನ್ನೋ ಜಗಿದ ಹಾಗೆ ಆಡುತ್ತಿತ್ತು, ಬೆರಳು ಅಂಗಿಯ ಗುಂಡಿಯನ್ನು ತಡಕುತ್ತಿತ್ತು. ಕಣ್ಣು ನೆಟ್ಟಿದ್ದು ಅವಳ ಮೇಲಲ್ಲ, ಅವಳ ಭುಜದ ಹಿಂದೆ, ಮಂಜಿನಲ್ಲಿ, ಅಲ್ಲಿ ಯಾರೋ ನಿಂತ ಹಾಗೆ. ಅವಳು ಹೆದರಿ ಹಿಂದೆ ನೋಡಿದಳು. ನೀರಿತ್ತು ಅಷ್ಟೆ. ಅರ್ಧ ನಿಮಿಷದಲ್ಲಿ ಅವನು, "ಎಂತ ಕೇಳ್ದ್ರಿ?" ಎಂದು ಸಹಜವಾಗಿ ಜಲ್ಲೆ ಎತ್ತಿಕೊಂಡ.

*

ಜನವರಿಯಲ್ಲಿ ಲ್ಯಾಬಿನಿಂದ ನಿಶಾಳ ಫೋನು ಬಂತು. ಯಂತ್ರದ ಕೆಲಸವೆಲ್ಲ ಅವಳದು.

"ವೈಜೂ, ಒಂದು ಮದ್ದು ಸಿಕ್ಕಿದೆ. ಎಲ್ಲಾ ಕಡೆ. ಅಳಿವೆ, ಹೊಳೆ, ಶೆಟಗೇರಿ ಬಾವಿ. ನಿನ್ನ ಡ್ರಮ್ಮಿಗೆ ಹೋಗುವ ನೀರಲ್ಲಿ ಎಷ್ಟಿದೆಯೋ, ಬರುವ ನೀರಲ್ಲೂ ಅಷ್ಟೇ. ಇದ್ದಿಲು ಅದನ್ನ ಮುಟ್ಟಲೇ ಇಲ್ಲ."

"ಯಾವ ಮದ್ದು?"

"ಕಾರ್ಬಮಜೆಪೀನ್. ಫಿಟ್ಸಿಗೆ ಕೊಡ್ತಾರಲ್ಲ, ಅದು."

ವೈಜಯಂತಿ ಮೊಬೈಲನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಆ ಹೆಸರನ್ನು ಅವಳು ಹನ್ನೊಂದು ವರ್ಷದ ಹಿಂದೆ ದಿನಕ್ಕೆರಡು ಸಲ ಓದುತ್ತಿದ್ದಳು. ಅಕ್ಕ ನೀತಾಳ ಗುಳಿಗೆಯ ಹೆಸರು ಅದು. ಗುಳಿಗೆ ನೆನಪಿಸುವುದು ಹದಿನಾರು ವರ್ಷದ ವೈಜಯಂತಿಯ ಪಾಲಿನ ಕೆಲಸವಾಗಿತ್ತು. ಒಂದು ಬೆಳಿಗ್ಗೆ ಪರೀಕ್ಷೆಯ ಗಡಿಬಿಡಿಯಲ್ಲಿ ನೆನಪಿಸಲಿಲ್ಲ. ನೀತಕ್ಕ ಅವತ್ತು ನೀಲಿ ಲಂಗ ಎತ್ತಿಕಟ್ಟಿಕೊಂಡು ಬಳಚು ಚಿಪ್ಪು ಆರಿಸಲು ಕೇಣಿಯ ಹಳ್ಳಕ್ಕಿಳಿದಿದ್ದಳು. ನೀರು ಇದ್ದದ್ದು ಮೊಣಕಾಲಿನವರೆಗೆ. ಅಷ್ಟೇ ನೀರಿನಲ್ಲಿ ಮುಖ ಕೆಳಗಾಗಿ ಸಿಕ್ಕಿದಳು.

ಗುಳಿಗೆಯ ಸಣ್ಣ ತಗಡಿನ ಡಬ್ಬಿಯನ್ನು ವೈಜಯಂತಿ ಇಂದಿಗೂ ಚೀಲದಲ್ಲಿ ಇಟ್ಟುಕೊಂಡು ತಿರುಗುತ್ತಿದ್ದಳು. ಮುಚ್ಚಳದ ಮೇಲೆ ಮೊಳೆಯಲ್ಲಿ ಕೊರೆದ 'ನೀ' ಅಕ್ಷರ. ಒಳಗೆ ಏನೂ ಇಲ್ಲ. ಯಾರಿಗೂ ಅದನ್ನು ತೋರಿಸಿರಲಿಲ್ಲ.

ಈಗ ಅಕ್ಕನ ಗುಳಿಗೆ ಅವಳು ಮುಟ್ಟಿದ ನೀರಿನಲ್ಲೆಲ್ಲ ಇತ್ತು.

*

ಮನುಷ್ಯರಿಲ್ಲದ ಕಡೆಯ ನೀರು ತರಬೇಕು, ಅಲ್ಲಿ ಇರಲಾರದು ಎಂದು ಅವಳು ಹಟ ಹಿಡಿದಳು. ಕದ್ರಾ ಅಣೆಕಟ್ಟಿನ ಮೇಲಿನ ಕಾಡಿನಲ್ಲಿ ಒಂದು ಹಳ್ಳವಿದೆ. ಅದರ ಮೇಲೆ ಮನೆಯಿಲ್ಲ, ಗದ್ದೆಯಿಲ್ಲ, ದನ ಕೂಡ ಹೋಗುವುದಿಲ್ಲ. ಬಸ್ಸಿಳಿದು ಇಬ್ಬರೂ ಪೆಟ್ಟಿಗೆ ಹೊತ್ತು ಒಂದು ತಾಸು ನಡೆದರು. ಬಾಟಲಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಗಾಜಿನ ಬಳೆ ತೊಟ್ಟ ಯಾರೋ ಹಿಂದಿನಿಂದ ಬರುತ್ತಿರುವ ಹಾಗೆ.

"ಸ್ವಲ್ಪ ನಿಲ್ಲಿ," ಎಂದಳು ವೈಜಯಂತಿ. ನಿಂತರು. ಕಿಣಿಕಿಣಿ ಒಂದು ಕ್ಷಣ ತಡವಾಗಿ ನಿಂತಿತು.

"ಕೇಳ್ತಾ?"

"ಬಾಟ್ಲಿ, ಮೇಡಂ," ಎಂದ ಅವನು. ದನಿಯಲ್ಲಿ ಧೈರ್ಯ ಕಮ್ಮಿ ಇತ್ತು.

ಹಳ್ಳದ ಗುಂಡಿಯಲ್ಲಿ ನೀರು ಕಪ್ಪಗೆ ಅಲುಗದೆ ನಿಂತಿತ್ತು. ಮೇಲೆ ಬಿದ್ದ ಎಲೆ ಕೂಡ ಹರಿಯುತ್ತಿರಲಿಲ್ಲ. ಅವನು ಬಗ್ಗಿ ಬಾಟಲಿಯ ಬಾಯಿಗೆ ಹೆಬ್ಬೆರಳು ಸುತ್ತಿಸಿ ತುಂಬಿದ. ಸಾಕ್ಷಿ ಬಾಟಲಿಯನ್ನೂ ತೆರೆದಿಟ್ಟ. ಆಮೇಲೆ ಎದ್ದು ನಿಂತವನು ಹಾಗೆಯೇ ಉಳಿದ. ಬಾಯಿ ಜಗಿಯಿತು, ಬೆರಳು ಗುಂಡಿ ಹುಡುಕಿತು, ಕಣ್ಣು ಅವಳ ಭುಜದ ಹಿಂದೆ ಹೋಯಿತು.

"ಬಂದ್ರು," ಎಂದ ಮೆಲ್ಲಗೆ.

ಈ ಸಲ ಅವಳಿಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. "ಯಾರು? ಹರಿಶ್ಚಂದ್ರ, ಯಾರು ಬಂದ್ರು?"

ಅವನು ಕಣ್ಣು ಮಿಟುಕಿಸಿದ. "ಎಂತ ಮೇಡಂ? ಯಾರೂ ಬರ್ಲಿಲ್ಲ." ಅವಳ ಮುಖ ಬಿಳಿಚಿದ್ದು ಕಂಡು ಅವನ ಮುಖವೂ ಬಿಳಿಚಿತು. ಅವಳ ಕೈ ಹಿಡಿಯಲು ಕೈ ಚಾಚಿದವನು ಅರ್ಧಕ್ಕೇ ಹಿಂದೆಗೆದ.

ಹತ್ತು ದಿನದ ಮೇಲೆ ನಿಶಾ ಮತ್ತೆ ಫೋನು ಮಾಡಿದಳು. ಅವಳ ದನಿ ಬದಲಾಗಿತ್ತು.

"ಆ ಕಾಡಿನ ಹಳ್ಳದಲ್ಲೂ ಇದೆ. ಮತ್ತೆ, ವೈಜೂ... ಸಾಕ್ಷಿ ಬಾಟಲಿಗಳನ್ನ ಯಂತ್ರ ಬಿಡುವಾದಾಗ ನೋಡೋಣ ಅಂತ ಇಟ್ಟಿದ್ದೆ. ಇವತ್ತು ಎಲ್ಲಾ ಹಾಕಿದೆ. ಎಲ್ಲದರಲ್ಲೂ ಇದೆ. ನಾನೇ ತುಂಬಿದ ನೀರು ಕಣೇ ಅದು. ಇಲ್ಲಿಂದ ಹೊರಡುವಾಗ ಏನೂ ಇರಲಿಲ್ಲ. ನಿನ್ನ ಜೊತೆ ಯಾರೋ ಓಡಾಡ್ತಿದ್ದಾರೆ."

ನಿಶಾ ಹೇಳಿದ್ದು ಕೆಲಸದ ಮಾತು, ಸಂಗಡ ಬಂದ ಯಾರದೋ ಮೈಯಿಂದ ಮದ್ದು ಸೇರುತ್ತಿದೆ ಎಂದು. ವೈಜಯಂತಿಗೆ ಅದು ಬೇರೆಯೇ ಆಗಿ ಕೇಳಿಸಿತು.

*

ಮುಂದಿನ ಸರದಿಯ ದಿನ ಅವಳು ಬಾಟಲಿ ತೆಗೆಯಲಿಲ್ಲ. ದೋಣಿ ನಡುಹೊಳೆಗೆ ಬಂದಾಗ ಚೀಲದಿಂದ ಡಬ್ಬಿ ತೆಗೆದು ಮಡಿಲಲ್ಲಿಟ್ಟುಕೊಂಡು ಎಲ್ಲ ಹೇಳಿದಳು. ಮರೆತ ಗುಳಿಗೆ, ಮೊಣಕಾಲು ನೀರು, ಯಂತ್ರ ತೋರಿಸಿದ ಮದ್ದಿನ ಹೆಸರು, ಅದು ಫಿಟ್ಸಿನ ಮದ್ದು ಎನ್ನುವುದು, ಸಾಕ್ಷಿ ಬಾಟಲಿಯಲ್ಲೂ ಅದೇ ಸಿಕ್ಕಿದ್ದು.

"ತಪ್ಪು ನನ್ನದೇ ಇರ್ಬೇಕು. ಈ ಡಬ್ಬಿ ಮುಟ್ಟಿದ ಕೈಯಲ್ಲಿ ಪೆಟ್ಟಿಗೆ ಮುಟ್ತೆ. ಹನ್ನೊಂದು ವರ್ಷದ ಖಾಲಿ ಡಬ್ಬಿ, ಅದರಲ್ಲಿ ಏನು ಉಳಿದಿರ್ತದೆ ಹೇಳಿ ಲೆಕ್ಕ ಹಾಕಿದ್ರೆ ಕೂಡಿಬರೂದಿಲ್ಲ. ಕೂಡಿಬರದ ಲೆಕ್ಕಕ್ಕೆ ಏನನ್ನೂದು? ಅಕ್ಕ ಕೇಳ್ತಿದ್ದಾಳೆ ಅನಿಸ್ತದೆ, ಗುಳಿಗೆ ಯಾಕೆ ಕೊಡ್ಲಿಲ್ಲ ಹೇಳಿ. ಇದನ್ನ ಇವತ್ತು ನೀರಿಗೆ ಬಿಟ್ಬಿಡ್ತೆ."

"ಮೇಡಂ," ಎಂದ ಹರಿಶ್ಚಂದ್ರ. "ನೀರಿಗೆ ಮದ್ದಿನ ಡಬ್ಬಿ ಹಾಕೂದಾ? ನೀವು?"

ಅಳುವಿನ ನಡುವೆ ಅವಳಿಗೆ ನಗು ಬಂತು. ಕಣ್ಣೊರೆಸಿಕೊಂಡು ನೋಡಿದರೆ ಅವನು ನಗುತ್ತಿರಲಿಲ್ಲ. ತನ್ನ ಎಡ ಹೆಬ್ಬೆರಳನ್ನೇ ನೋಡುತ್ತ ಕೂತಿದ್ದ.

"ನಿಮ್ಮ ಅಕ್ಕ ಅಲ್ಲ ಅದು," ಎಂದ. "ಡಬ್ಬಿ ಇಟ್ಕೊಳ್ಳಿ."

"ನಿಮ್ಗೆ ಹ್ಯಾಂಗೆ ಗೊತ್ತು?"

ಅವನು ದೋಣಿ ತಿರುಗಿಸಿದ. ದಂಡೆ ಮುಟ್ಟಿದಾಗ ಅವಳು ಇಳಿಯಲು ಕೈ ಕೊಟ್ಟಳು. ಅವನು ಹಿಡಿಯಲಿಲ್ಲ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಹುಷಾರು, ಕಲ್ಲು ಜಾರ್ತದೆ," ಎಂದಷ್ಟೇ ಹೇಳಿದ. ಮರುದಿನ ಅವನು ಬರಲಿಲ್ಲ. ಆಮೇಲೂ ಬರಲಿಲ್ಲ. ಫೋನು ತೆಗೆಯಲಿಲ್ಲ. ಸತ್ತ ಅಕ್ಕನ ಕಥೆ ಹೇಳಿ ಇದ್ದವನನ್ನೂ ಓಡಿಸಿಬಿಟ್ಟೆ ಎಂದುಕೊಂಡು ವೈಜಯಂತಿ ಗೋವೆಗೆ ವಾಪಸಾದಳು. ಮಾರ್ಚ್ ಮೊದಲ ವಾರ ಬಂದಿತ್ತು. ವರದಿಯಲ್ಲಿ ಡ್ರಮ್ಮು ಸೋತಿತು ಎಂದು ಬರೆಯುವುದೊಂದೇ ಬಾಕಿ.

*

ಅದೇ ವಾರ ಕಾರವಾರದ ಬಸ್ಸಿನಲ್ಲಿ ಲ್ಯಾಬಿಗೆ ಒಂದು ಪೆಟ್ಟಿಗೆ ಬಂತು. ಗ್ಲೌಸು, ಲ್ಯಾಬಿನಿಂದ ತುಂಬಿ ತಂದ ಬಾಟಲಿಗಳನ್ನು ಇಡುತ್ತಿದ್ದ ಕೋಡಿಬಾಗದ ಕೋಣೆಯ ಕೀಲಿಕೈ, ಐಸಿನಲ್ಲಿ ನಾಲ್ಕು ಬಾಟಲಿ. ಚೀಟಿಗಳ ಮೇಲೆ ಬಲಕ್ಕೆ ವಾಲಿದ ಅಕ್ಷರ. ಅದು ಯಾರ ಕೈಬರಹ ಎಂದು ಅವಳಿಗೆ ಗೊತ್ತಿತ್ತು.

ಒಂದು: ಸಾಕ್ಷಿ ಬಾಟಲಿ. ಬಾಯಿ ಮುಟ್ಟಿದ್ದು ನಾನು.

ಎರಡು: ಸಾಕ್ಷಿ ಬಾಟಲಿ. ಮುಟ್ಟಿದ್ದು ನನ್ನ ಆಯಿ, ಹೊಸ ಗ್ಲೌಸ್ ಹಾಕಿ.

ಮೂರು: ಶೆಟಗೇರಿ, ಡ್ರಮ್ಮಿಗೆ ಹೋಗುವ ನೀರು. ಮುಟ್ಟಿದ್ದು ಆಯಿ.

ನಾಲ್ಕು: ಡ್ರಮ್ಮಿಂದ ಬರುವ ನೀರು. ಮುಟ್ಟಿದ್ದು ಆಯಿ.

ಬೇರೆ ಕಾಗದ ಇರಲಿಲ್ಲ. ನಿಶಾ ಉಳಿದದ್ದನ್ನೆಲ್ಲ ಬದಿಗಿಟ್ಟು ಯಂತ್ರಕ್ಕೆ ಹಾಕಿದಳು. ಸಂಜೆ ಕಾಗದ ಹೊರಬಂದಾಗ ವೈಜಯಂತಿ ಕೆಳಗಿನಿಂದ ಓದಿದಳು. ನಾಲ್ಕನೆಯದರಲ್ಲಿ ಏನೂ ಇಲ್ಲ. ಮೂರನೆಯದರಲ್ಲಿ ಚಹಾದ ಅಂಶ, ನೋವಿನ ಮಾತ್ರೆಯ ಅಂಶ, ಅಷ್ಟೇ. ಅಂದರೆ ಡ್ರಮ್ಮು ಅದನ್ನೆಲ್ಲ ತಡೆದಿದೆ. ಇದ್ದಿಲು ಗೆದ್ದಿದೆ! ಎರಡನೆಯದರಲ್ಲಿ ಏನೂ ಇಲ್ಲ.

ಒಂದನೆಯದರಲ್ಲಿ ಅಕ್ಕನ ಗುಳಿಗೆ, ಹಿಂದೆಂದೂ ಕಾಣದಷ್ಟು.

ಬಾಯಿ ಮುಟ್ಟಿದ್ದು ನಾನು.

ಅವಳು ಅಲ್ಲೇ ನೆಲದ ಮೇಲೆ ಕೂತಳು. ಕಲ್ಲಾಗಿ ಕೂತ ಆ ಅರ್ಧ ನಿಮಿಷಗಳು, ಜಗಿಯುವ ಬಾಯಿ, ತಡಕುವ ಬೆರಳು ಎಲ್ಲ ಒಂದೊಂದಾಗಿ ತಮ್ಮ ಜಾಗಕ್ಕೆ ಬಂದವು. ನೀತಕ್ಕ ದಪ್ಪೆಂದು ಬಿದ್ದು ಒದ್ದಾಡುತ್ತಿದ್ದಳು, ಅದೊಂದೇ ಫಿಟ್ಸ್ ಅವಳಿಗೆ ಗೊತ್ತಿದ್ದದ್ದು. ಸುಮ್ಮನೆ ಕೂತಲ್ಲೇ ಬರುವ ಫಿಟ್ಸೂ ಉಂಟು ಎಂದು ಪುಸ್ತಕದಲ್ಲಿ ಓದಿರಲಿಲ್ಲವೇ? ಓದಿದ್ದಳು. ಅವನಲ್ಲಿ ಅದನ್ನು ಕಾಣಲು ಮನಸ್ಸಿರಲಿಲ್ಲ.

ಆಮೇಲೆ ಅವಳು ಅತ್ತಳು. ಮೊದಲು ಅತ್ತದ್ದು ಹರಿಶ್ಚಂದ್ರನಿಗಾಗಿ ಅಲ್ಲ. ಎರಡು ತಿಂಗಳು ಅಕ್ಕ ಜೊತೆಗೇ ಇದ್ದಾಳೆ ಎಂದು ಹೆದರುತ್ತಿದ್ದಳಲ್ಲ, ಆ ಹೆದರಿಕೆಯಲ್ಲಿ ಒಂದು ಸುಖವೂ ಇತ್ತು. ನೀರಿನಲ್ಲಿ ಅಕ್ಕ ಇರಲಿಲ್ಲ. ನೀತಕ್ಕ ಎರಡನೆಯ ಸಲ ಹೋದಳು.

*

ಮರುದಿನ ಬೆಳಗಿನ ರೈಲಿಗೆ ಅವಳು ಕಾರವಾರದಲ್ಲಿಳಿದಳು. ಮೀನು ಮಾರ್ಕೆಟ್ಟಿನಲ್ಲಿ ಹರಿಶ್ಚಂದ್ರನ ತಾಯಿ ಗಂಗೂ ಯಾರು ಎಂದು ಕೇಳಬೇಕಾಗಲಿಲ್ಲ. ಬಂಗಡೆ ರಾಶಿಯ ಹಿಂದೆ ಕೂತ ಹೆಂಗಸಿನ ಎಡಗಣ್ಣು ಬಲಗಣ್ಣಿಗಿಂತ ಒಂದು ಚೂರು ಮೊದಲೇ ಮುಚ್ಚುತ್ತಿತ್ತು.

"ನೀವೇ ಅಲ್ವ ಬಾಟ್ಲಿ ಮೇಡಂ?" ಎಂದಳು ಗಂಗೂ, ಮೀನಿನ ಮೇಲೆ ನೀರು ಚಿಮುಕಿಸುತ್ತ. "ನಿಮ್ಮ ಆ ರಬ್ಬರ್ ಚೀಲ ಕೈಗೆ ಹಾಕಿ ನಂಗೆ ಎರಡ್ ದಿನ ತುರಿಕೆ."

"ಅಮ್ಮ, ನೀವು ಯಾಕೆ..."

"ನಾಲ್ಕು ವರ್ಷ ಯಾರಿಗೂ ಹೇಳ್ಲಿಲ್ಲ. ವಾಂತಿ ಹೇಳಿ ನಾನೇ ಸುದ್ದಿ ಹಬ್ಸದ್ದು. ನಗ್ಲಿ ಬೇಕಾರೆ. ಫಿಟ್ಸ್ ಹೇಳಿ ಗೊತ್ತಾದ್ರೆ ಯಾವ ದೋಣಿಯವ್ರೂ ಹತ್ತಿಸೂದಿಲ್ಲ, ಯಾವ ಮನೆಯವ್ರೂ ಹೆಣ್ಣು ಕೊಡೂದಿಲ್ಲ." ಗಂಗೂ ಕೈ ಒರೆಸಿಕೊಂಡಳು. "ಹ್ವಾದ ತಿಂಗ್ಳು ಮಗ ಬಂದು ಹೇಳ್ದ, ಆಯಿ, ನನ್ ಸುಳ್ಳಿಂದ ಅವ್ರ ಕೆಲ್ಸ ಎಲ್ಲ ಹಾಳಾಯ್ತದೆ, ಸತ್ತ ಅಕ್ಕನ ನೆನ್ಸಿ ಹೆದರ್ತಾರೆ, ಒಂದ್ ನಾಲ್ಕ್ ಬಾಟ್ಲಿ ಹಿಡ್ದುಕೊಡು ಹೇಳಿ. ನಾ ಬ್ಯಾಡ ಹೇಳ್ದೆ. ಅನ್ನ ಬಿಟ್ಟು ಕೂತ. ಮತ್ತೆ ಎಂತ ಮಾಡೂದು? ಮನೆಯಲ್ಲೇ ಅಂವ, ಹೋಗಿ. ಬೈಯೂದಾದ್ರೆ ಬೈರಿ. ಅಳ್ಸಬ್ಯಾಡಿ."

ಹರಿಶ್ಚಂದ್ರ ಮನೆಯ ಹಿಂದೆ, ಹೊಳೆಗೆ ಬೆನ್ನು ಮಾಡಿ ಕೂತು ಬಲೆಯ ಹರಕು ಕಟ್ಟುತ್ತಿದ್ದ. ಅವಳನ್ನು ಕಂಡು ಎದ್ದ. ಕೈ ಎರಡೂ ಬೆನ್ನ ಹಿಂದೆ ಹೋದವು.

"ಡ್ರಮ್ಮು ಗೆದ್ತಾ?" ಎಂದು ಕೇಳಿದ.

"ಗೆದ್ತು," ಎಂದಳು. "ದೋಣಿಯಲ್ಲಿ ಒಬ್ರೇ ಎಷ್ಟು ಸಲ ಹೋಗಿದ್ರಿ? ನನ್ನ ಕೆಲಸಕ್ಕೆ, ನಾ ಕಳ್ಸಿ? ಆ ಅರ್ಧ ನಿಮಿಷ ಆಗ ನಡುಹೊಳೆಯಲ್ಲಿ ಬಂದಿದ್ರೆ? ನೀತಕ್ಕ ಹೋದದ್ದು ಮೊಣಕಾಲು ನೀರಲ್ಲಿ, ಹರಿಶ್ಚಂದ್ರ! ಮೊಣಕಾಲು ನೀರಲ್ಲಿ!"

ಅವನು ಬೈಗುಳ ಮುಗಿಯುವವರೆಗೆ ನಿಂತ. "ಮಾವನ ದೋಣಿಯಲ್ಲಿ ಬಿದ್ದೆ, ನಾಲ್ಕ್ ವರ್ಷ ಆಯ್ತು. ಬಲೆ ಹಾಕಿ ಎತ್ತಿದ್ರಂತೆ. ಗುಳಿಗೆ ಶುರು ಮಾಡದ್ಮೇಲೆ ದೊಡ್ಡದು ಬರ್ಲಿಲ್ಲ. ಸಣ್ಣದು ಬರ್ತದೆ, ಬಂದದ್ದು ನಂಗೇ ಗೊತ್ತಾಗೂದಿಲ್ಲ. ಬೆಳಿಗ್ಗೆ ಅರ್ಧ, ಸಂಜೆಗೆ ಅರ್ಧ, ಹೆಬ್ಬೆಟ್ಟಿನ ಉಗುರಲ್ಲಿ ಮುರೀತೆ." ಬೆನ್ನ ಹಿಂದಿನ ಕೈ ಮುಂದೆ ಬಂತು, ಮತ್ತೆ ಹಿಂದೆ ಹೋಯಿತು. "ಮೊದಲ್ನೇ ದಿನ ಕೆಲಸ ಬೇಕಿತ್ತು, ಇಲ್ಲ ಅಂದೆ. ಆಮೇಲೆ... ಆಮೇಲೆ ಕೆಲಸಕ್ಕಿಂತ ನೀವೇ ಬೇಕಾದ್ರಿ. ಪ್ರತಿ ಸಲ ಹೇಳ್ಬೇಕು ಹೇಳಿ ಬಾಯಿ ತೆಗೀತಿದ್ದೆ. ನಿಮ್ಮ ಅಕ್ಕನ ಸುದ್ದಿ ಕೇಳದ್ಮೇಲೆ ಹ್ಯಾಂಗ್ ಹೇಳೂದು? ಒಂದ್ಸಲ ನೀರು ನಿಮ್ಮನ್ನ ಅಷ್ಟು ಹೆದರಿಸದ್ದು ಸಾಕಲ್ವ? ದಿನಾ ನನ್ನ ಮುಖ ನೋಡಿ ಹೆದರೂದಾ?"

ವೈಜಯಂತಿಗೆ ಹೆದರಿಕೆ ಇತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ. ಎದುರಿಗೆ ನಿಂತವನ ಮೇಲೆ ಪ್ರೀತಿಯೂ ಅಷ್ಟೇ ಇತ್ತು. ಎರಡರಲ್ಲಿ ಒಂದನ್ನು ಸೋಸಿ ತೆಗೆಯುವ ಡ್ರಮ್ಮು ಇನ್ನೂ ಯಾರೂ ಮಾಡಿರಲಿಲ್ಲ.

"ಹೆದರ್ತೆ," ಎಂದಳು. "ಆದ್ರೆ ನಿಮ್ಮ ಪಕ್ಕ ಕೂತು ಹೆದರ್ತೆ. ನೀರಿಗೆ ಒಬ್ರೇ ಇಳೀಬಾರ್ದು, ಬಚ್ಚಲ ಬಾಗಿಲಿಗೆ ಚಿಲ್ಕ ಹಾಕ್ಬಾರ್ದು, ಮಣಿಪಾಲಕ್ಕೆ ಹೋಗಿ ಸರಿ ತೋರಿಸ್ಬೇಕು. ಒಪ್ಪಿಗೆ ಇದ್ರೆ ಆ ಒಂದ್ ಮಾತು ಈಗ ಪೂರ್ತಿ ಹೇಳಿ. ಭರತ ಇಳಿತದ ಲೆಕ್ಕ ಬೇಡ."

ಅವನು ಹೇಳಿದ. ಅದು ಎರಡೇ ಶಬ್ದದ ಮಾತು, ಹೊಳೆಯ ಗಾಳಿಗೆ ಹಾರಿಹೋಗುವಷ್ಟು ಮೆತ್ತಗೆ. ಅವಳಿಗೆ ಕೇಳಿತು.

ಸ್ವಲ್ಪ ಹೊತ್ತಿನ ಮೇಲೆ ಅವಳು ಕೇಳಿದಳು, "ಆ ಅರ್ಧ ನಿಮಿಷದಲ್ಲಿ ನನ್ನ ಹಿಂದೆ ಯಾರನ್ನ ನೋಡ್ತ್ರಿ?"

"ಯಾರೂ ಇರೂದಿಲ್ಲ. ಎಂತದೂ ನೆನಪಿರೂದಿಲ್ಲ." ಅವನು ಯೋಚಿಸಿದ. "ಕದ್ರಾದಲ್ಲಿ ಮಾತ್ರ ಒಂದು ಬಣ್ಣ ನೆನಪದೆ. ನೀಲಿ. ಹಳ್ಳದ ಆಚೆ ದಡದಲ್ಲಿ, ಲಂಗದ ಅಂಚಿನ ಹಾಗೆ."

ಅಕ್ಕನ ಲಂಗದ ಬಣ್ಣವನ್ನು ಅವಳು ಅವನಿಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಮಿಂಚುಳ್ಳಿ ಹಕ್ಕಿ ಇದ್ದಿರಬಹುದು, ಆ ಕಡೆ ಬಹಳ ಇವೆ ಎಂದುಕೊಂಡಳು. ಮೈಮೇಲಿನ ರೋಮ ಮಾತ್ರ ಕೆಳಗಿಳಿಯಲು ಬಹಳ ಹೊತ್ತು ಹಿಡಿಯಿತು.

ಅವಳು ಚೀಲದಿಂದ ತಗಡಿನ ಡಬ್ಬಿ ತೆಗೆದು ಅವನ ಕೈಗಿಟ್ಟಳು. "ಗುಳಿಗೆ ಇದರಲ್ಲಿಡಿ. ನೆನಪಿಸೂದು ನನ್ನ ಕೆಲಸ. ಈ ಸಲ ಮರೆಯೂದಿಲ್ಲ."

ಅವನು ಜೇಬಿನ ಕಾಗದದ ಪೊಟ್ಟಣ ಬಿಚ್ಚಿ ಗುಳಿಗೆಗಳನ್ನು ಒಳಗೆ ಸುರಿದು ಮುಚ್ಚಿದ. ಡಬ್ಬಿ ಗಲಗಲ ಎಂದಿತು. ಆ ಸದ್ದು ಅವಳು ಕೇಳಿ ಹನ್ನೊಂದು ವರ್ಷವಾಗಿತ್ತು. ಅವಳಿಗೆ ಕೆಮ್ಮು ಬಂತು.

"ನೀರು ಕುಡೀತ್ರಾ?" ಎಂದ ಹರಿಶ್ಚಂದ್ರ ಗಾಬರಿಯಾಗಿ.

"ಇದು ಫಾರ್ಮಿನ ಪ್ರಶ್ನೆಯಾ?"

ಅವನು ಒಳಗೆ ಓಡಿ ಹಿತ್ತಾಳೆ ತಂಬಿಗೆ ತಂದ. ಜಗುಲಿಯ ಕೊಡದಿಂದ ತುಂಬುವ ಮೊದಲು ಎಡ ಹೆಬ್ಬೆರಳು ತಾನಾಗಿ ತಂಬಿಗೆಯ ಬಾಯಿಗೆ ಹೋಯಿತು. ಅರ್ಧ ಸುತ್ತು ತಿರುಗಿ ಥಟ್ಟನೆ ನಿಂತಿತು. ಅವನು ಕೈ ಸುಟ್ಟವನ ಹಾಗೆ ಬೆರಳು ಕಿತ್ತುಕೊಂಡು ಅವಳ ಮುಖ ನೋಡಿದ.

"ಬೇರೆ ತಂಬಿಗೆ ತರ್ತೆ."

"ಬೇಡ," ಎಂದಳು ವೈಜಯಂತಿ. "ಸುತ್ತು ಪೂರ್ತಿ ಮಾಡಿ."

ಅವನು ಮೆಲ್ಲಗೆ ಪೂರ್ತಿ ಮಾಡಿದ. ತುಂಬಿ ಕೊಟ್ಟ. ಅವಳು ತಂಬಿಗೆಗೆ ತುಟಿಯಿಟ್ಟು ಒಂದು ಹನಿ ಬಿಡದೆ ಕುಡಿದು, ಖಾಲಿ ತಂಬಿಗೆಯನ್ನು ಅವನ ಕೈಗೆ ವಾಪಸು ಕೊಟ್ಟಳು.

"ಇದರ ರಿಪೋರ್ಟು ಬೇಡ," ಎಂದಳು.